ಬಾಗಿಲು ಕಾಯಲು ನಿಂತ ಲಗ್ನಪತ್ರಿಕೆ ಕಂಪ್ಯೂಟರ್

ಸುಶೀಲವ್ವ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಬೆನ್ನ ಹಿಂದೆ ಗಂಡಸಿನ ದನಿ ಕೇಳಿತು. ಹಿಂದಿ ಮಾತು. ಮೆಣಸಿನಕಾಯಿ ಪೇಟೆಗೆ ಬಂದ ಪರಊರಿನವರು ಯಾರೋ ದಾರಿ ಕೇಳುತ್ತಿದ್ದಾರೆ ಅಂದುಕೊಂಡಳು. ತಿರುಗಿ ನೋಡದೆಯೇ, ಬರ್ರಿ, ಕಟ್ಟಿ ಮ್ಯಾಲೆ ಕುಂದರ್ರಿ ಅಂದಳು. ಕೈ ತೊಳೆದು ಒಳಗೆ ಹೋಗಿ ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದಳು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಗೇಟಿನ ಆಚೆಯೂ ಇರಲಿಲ್ಲ. ಮತ್ತೆ ದನಿ ಬಂತು. ಈಗ ನಗು. ಬಾಗಿಲ ಮೇಲಿನ ಕ್ಯಾಮೆರಾದೊಳಗಿಂದ. ಅವಳ ಸೀರೆಯ ಬಣ್ಣ ಹೇಳಿ ನಗುತ್ತಿತ್ತು. ಅಷ್ಟು ಹಿಂದಿ ಅವಳಿಗೂ ತಿಳಿಯುತ್ತಿತ್ತು.

ಕ್ಯಾಮೆರಾ ಹಾಕಿಸಿದವಳು ಮಗಳು ಭುವನಾ. ತಂದೆ ತೀರಿಕೊಂಡ ಮೇಲೆ ಬ್ಯಾಡಗಿಯ ಆ ಮನೆಯಲ್ಲಿ ಹೆಂಗಸರಿಬ್ಬರೇ. ಧೈರ್ಯಕ್ಕೆ ಇರಲಿ ಎಂದು ಹಾಕಿಸಿದ್ದು. ಭುವನಾ ಸ್ಟೂಲು ಹತ್ತಿ ಅದರ ವೈರು ಕಿತ್ತಳು. ಇಳಿದು ರಾಣೆಬೆನ್ನೂರಿನ ಜಾಕೀರನಿಗೆ ಫೋನು ಮಾಡಿದಳು.

ಜಾಕೀರ್ ಮನೆಮನೆಗೆ ಇಂಟರ್‌ನೆಟ್ ವೈರು ಎಳೆಯುವವನು. ಮೊದಲು ರಾಣೆಬೆನ್ನೂರಿನ ಒಂದು ಪ್ರೆಸ್ಸಿನಲ್ಲಿದ್ದ. ಸುಶೀಲವ್ವನ ಗಂಡ ಬ್ಯಾಡಗಿಯ ತನ್ನ ಅಂಗಡಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಜೋಡಿಸಿ ಕಳಿಸಿದರೆ ಅಲ್ಲಿ ಅಚ್ಚಾಗುತ್ತಿದ್ದವು. ಹಾಗೆ ಪರಿಚಯ.

ಅವನು ಬಂದು ಎಲ್ಲ ನೋಡಿದ. ಕ್ಯಾಮೆರಾದ ಜೊತೆಗೆ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿಲ್ಲ, ಎಲ್ಲೋ ಕೂತ ಒಬ್ಬ ಅದನ್ನೇ ಹಾಕಿ ಒಳಗೆ ಬಂದಿದ್ದಾನೆ ಎಂದ. ಹೀಗೇ ಬಿಟ್ಟರೆ ನಾಳೆ ಭುವನಾಳ ಲ್ಯಾಪ್‌ಟಾಪಿಗೂ ಕೈ ಹಾಕಬಹುದು. ಭುವನಾ ಅದರಲ್ಲೇ ಊರೂರಿನ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಇಂಟರ್‌ನೆಟ್ ತೆಗೆಸಿಬಿಡುವಂತಿಲ್ಲ. ಹೊರಗಿನ ಲೈನಿಗೂ ಮನೆಗೂ ನಡುವೆ ಒಂದು ಕಾವಲು ಬೇಕು, ಅದಕ್ಕೆ ಫೈರ್‌ವಾಲ್ ಅಂತಾರೆ ಎಂದು ಹೇಳಿದ.

ಹೊಸದೊಂದು ತರಿಸೋಣ ಎಂದಳು ಭುವನಾ. ಇಡಲು ಜಾಗ ಬೇಕಲ್ಲ, ಆ ಹಳೆಯದನ್ನು ಗುಜರಿಗೆ ಹಾಕಿದರಾಯಿತು ಎಂದು ಮೂಲೆ ತೋರಿಸಿದಳು.

ಸುಶೀಲವ್ವ ಎದ್ದು ಹೋಗಿ ಆ ಮೂಲೆಗೆ ಅಡ್ಡ ನಿಂತಳು.

ಅಲ್ಲಿದ್ದದ್ದು ಗಂಡನ ಕಂಪ್ಯೂಟರ್. ಅಂಗಡಿ ಖಾಲಿ ಮಾಡಿದ ದಿನ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ಆ ಮನುಷ್ಯ ಜೀವಮಾನವೆಲ್ಲ ಬೇರೆಯವರ ಮದುವೆಗೆ ಜನರನ್ನು ಕರೆದವನು. ಕಾಗಿನೆಲೆ ಕಡೆಯವರು, ಕದರಮಂಡಲಗಿ ಕಡೆಯವರು ಬಂದು ಎದುರಿಗೆ ಕೂತು ಹೆಸರು ಹೇಳುತ್ತಿದ್ದರು. ಕಾಕಾನ ಹೆಸರು ಬಿಟ್ಟುಹೋಯಿತು, ಸೋದರಮಾವನದು ಕೆಳಗಾಯಿತು ಎಂದು ಅಲ್ಲೇ ಜಗಳ ತೆಗೆಯುತ್ತಿದ್ದರು. ಅವನು ಚಹಾ ತರಿಸುತ್ತಿದ್ದ. ಅಕ್ಷರ ಸಣ್ಣದು ಮಾಡುತ್ತಿದ್ದನೇ ಹೊರತು ಒಬ್ಬರ ಹೆಸರನ್ನೂ ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಒಬ್ಬನೇ ಬಂದದ್ದು ಕಡಿಮೆ. ಪತ್ರಿಕೆ ಮಾಡಿಸಲು ಬಂದವರಲ್ಲಿ ಯಾರನ್ನಾದರೂ ಕರೆದುಕೊಂಡೇ ಬರುತ್ತಿದ್ದ. ಸುಶೀಲವ್ವ ಗೊಣಗುತ್ತಲೇ ಇನ್ನೆರಡು ರೊಟ್ಟಿ ಬಡಿಯುತ್ತಿದ್ದಳು. ಈಗ ಗೊಣಗಲು ಯಾರೂ ಇಲ್ಲ.

ಜಾಕೀರ್ ಅವಳನ್ನು ನೋಡಿದ, ಕಂಪ್ಯೂಟರನ್ನು ನೋಡಿದ.

"ಹೊಸಾದು ಯಾಕ ಬೇಕ್ರಿ ಅಕ್ಕಾರ? ಇದನ್ನ ಫೈರ್‌ವಾಲ್ ಮಾಡಬಹುದು."

ಬಟನ್ ಒತ್ತಿದರೆ ಅದು ಕುಂಯ್ ಎಂದು ಸುಮ್ಮನಾಯಿತು. ಅವನು ಪಕ್ಕದ ತಗಡು ಬಿಚ್ಚಿದ. ಒಳಗೆಲ್ಲ ವಿಭೂತಿ. ಊದಿನಕಡ್ಡಿಯ ಬೂದಿ. ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಅರಿಷಿಣ ಹಚ್ಚಿದ ಅಕ್ಕಿಕಾಳು. ಗಂಡ ಅಮಾವಾಸ್ಯೆಗೊಮ್ಮೆ ಅಂಗಡಿಯಲ್ಲಿ ಅದಕ್ಕೆ ಪೂಜೆ ಮಾಡುತ್ತಿದ್ದ. ಅವನು ಹೋದ ಮೇಲೆ ಸುಶೀಲವ್ವ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿರಲಿಲ್ಲ. ಅವನು ಬೆರಳ ತುದಿಗೆ ಅಂಟಿದಷ್ಟು ವಿಭೂತಿ ಹಚ್ಚುತ್ತಿದ್ದ, ಇವಳು ಕೈತುಂಬ. ಅದೆಲ್ಲ ಗಾಳಿ ಹೋಗುವ ಕಿಂಡಿಯಿಂದ ಒಳಗಿಳಿದು ಫ್ಯಾನು ಕಟ್ಟಿಹಾಕಿತ್ತು.

ಇದನ್ನು ನಾನೇ ಕೊಂದೆನೇನು ಎಂದು ಸುಶೀಲವ್ವ ಕೇಳಿದಳು.

"ಇಲ್ರಿ," ಎಂದ ಜಾಕೀರ್. "ಉಣಿಸಿದ್ದು ಜಾಸ್ತಿ ಆಗೇತಿ, ಅಷ್ಟ."

ಅಂಗಳಕ್ಕೆ ಒಯ್ದು ಬ್ರಷ್ಷಿನಿಂದ ಉಜ್ಜಿ, ಬಾಯಿಂದ ಊದಿ ಎಲ್ಲ ತೆಗೆದ. ಮೂವರೂ ಸೀನಿದರು. ಇಂಟರ್‌ನೆಟ್ ವೈರು ಸಿಕ್ಕಿಸುವ ತೂತು ಒಂದೇ ಇತ್ತು. ಒಳಗೆ ಬರುವ ಲೈನಿಗೆ ಒಂದು, ಮನೆಗೆ ಹೋಗುವುದಕ್ಕೆ ಒಂದು ಬೇಕೆಂದು ತನ್ನ ಚೀಲದಿಂದ ಇನ್ನೊಂದು ಕಾರ್ಡು ತೆಗೆದು ಕೂಡಿಸಿದ. ಮತ್ತೆ ಬಟನ್ ಒತ್ತಿದ. ಫ್ಯಾನು ತಿರುಗಿತು. ಅಂಗಡಿಯಲ್ಲಿ ಕೇಳುತ್ತಿದ್ದ ಅದೇ ಸದ್ದು. ಸುಶೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಸೀನಿಗೆ ಕಣ್ಣಲ್ಲಿ ನೀರು ಬಂತು ಅಂದಳು.

ಇದು ಏನು ಮಾಡುತ್ತದೆ ಎಂದು ಆಗ ಕೇಳಿದಳು.

"ನಾವಾಗಿ ಮಾತಾಡ್ಸಿದವ್ರ ಉತ್ತರಾ ಅಷ್ಟ ಒಳಗ ಬಿಡ್ತೈತ್ರಿ. ಕರೀದ ಬಂದವ್ರನ್ನ ಬಾಗಲದಾಗ ನಿಂದರಸಿ ಹೊಳ್ಳಿ ಕಳಸ್ತೈತಿ."

"ಹಂಗಾದ್ರ ಬ್ಯಾಡ," ಅಂದಳು ಸುಶೀಲವ್ವ.

ಇಬ್ಬರೂ ನಕ್ಕರು. ಅವಳು ನಗಲಿಲ್ಲ.

"ಬಾಗಲಿಗೆ ಬಂದವ್ರನ್ನ ಹೊಳ್ಳಿ ಕಳಸಿದ ಮನಷ್ಯಾ ಅಲ್ಲ ಅವ್ರು. ಅವ್ರ ಸಾಮಾನಕ್ಕ ಆ ಕೆಲಸಾ ಹಚ್ಚಬ್ಯಾಡ್ರಿ."

ಜಾಕೀರ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಹಾಗಾದರೆ ಅದು ಮತ್ತೆ ಮೂಲೆಗೇ, ಇಲ್ಲವೇ ಗುಜರಿಗೆ. ಅದು ಅವಳಿಗೂ ಗೊತ್ತಿತ್ತು. ಭುವನಾ ತಾಯಿಯ ಹತ್ತಿರ ಬಂದು ಕೂತಳು.

"ಯವ್ವಾ, ಅಂವಾ ನಿನ್ನ ಸೀರಿ ನೋಡಿ ನಕ್ಕಾಗ ಅಪ್ಪಾ ಇದ್ದಿದ್ರ ಏನ್ ಮಾಡ್ತಿದ್ರು?"

ಸುಶೀಲವ್ವ ಸೆರಗು ಎಳೆದುಕೊಂಡಳು.

"ಚಪ್ಪಲಿ ತಗೋತಿದ್ರು," ಅಂದಳು.

ಆಮೇಲೆ, ಮಾಡು ತಮ್ಮಾ ಎಂದು ಜಾಕೀರನಿಗೆ ಹೇಳಿದಳು.

ಇನ್ನೊಂದು ಮಾತು ಉಳಿದಿತ್ತು. ಅದರಲ್ಲಿ ಇರುವುದನ್ನೆಲ್ಲ ಅಳಿಸಬೇಕು ಎಂದ ಅವನು. ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತೇನೆ ಎಂದು ಭುವನಾ ಎದ್ದಳು. ಮೊದಲು ತೋರಿಸು ಅಂದಳು ಸುಶೀಲವ್ವ. ಒಂದೊಂದೇ ಪತ್ರಿಕೆ ತೆರೆದವು. ಮೂಲೆಯಲ್ಲಿ ಗಣಪತಿ, ನಡುವೆ ವಧು ವರ, ಕೆಳಗೆ ಇರುವೆ ಸಾಲಿನಂಥ ಹೆಸರುಗಳು, ಕೊನೆಗೆ ನಮ್ಮ ಅತ್ತಿ ಮದಿವಿಗೆ ಬರ್ರಿ ಎಂದು ಸಣ್ಣ ಮಕ್ಕಳ ಹೆಸರಿನಲ್ಲಿ ಒಂದು ಸಾಲು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಇವಳಿಗೆ ಈಗ ಇಬ್ಬರು ಮಕ್ಕಳು ಎಂದಳು. ಇವನು ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿದ್ದಾನೆ ಎಂದಳು. ಇವರ ಅಜ್ಜಿ ನಮ್ಮ ಮನೆಯಲ್ಲಿ ಉಂಡು ಹೋಗಿದ್ದಳು ಎಂದಳು. ಸಾಕಾಗುವಷ್ಟು ನೋಡಿ ಪರದೆಯಿಂದ ಮುಖ ತಿರುಗಿಸಿದಳು.

"ಇಳಸೂದೇನ ಬ್ಯಾಡ. ಎಲ್ಲಾರ ಮದಿವಿ ಆಗಿ ಹೋಗ್ಯಾವ. ಇನ್ನ ಯಾರನ್ನ ಕರಿಯೂದೈತಿ?"

ಜಾಕೀರ್ ಅಳಿಸಿದ. ಕಾವಲಿನ ಹೊಸ ಪ್ರೋಗ್ರಾಮು ಹಾಕಿದ. ಕ್ಯಾಮೆರಾದ ಪಾಸ್‌ವರ್ಡು ಬದಲಿಸಿ, ಅದು ಭುವನಾಳ ಫೋನಿನ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡದಂತೆ ಕಟ್ಟಿದ. ಅಷ್ಟರಲ್ಲಿ ಚಹಾ ಎರಡು ಸಲ ಆಯಿತು. ಕೊನೆಗೆ ಪರದೆ ಏನೋ ಕೇಳಿತು. ಈ ಯಂತ್ರಕ್ಕೆ ಒಂದು ಹೆಸರಿಡಬೇಕಂತ, ಏನು ಬರೆಯಲಿ ಎಂದು ಕೇಳಿದ.

ಭುವನಾ ಬಾಯಿ ತೆರೆದಳು. ಸುಶೀಲವ್ವ ಅವಳ ಮೊಣಕೈ ಹಿಡಿದಳು.

ಗಂಡನ ಹೆಸರನ್ನು ಅವಳು ಹೇಳಿದ್ದು ಮದುವೆಯಾಗಿ ಬಂದ ದಿನ, ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳಿದಾಗ. ಅದೂ ಪದ ಕಟ್ಟಿ, ಹೆಸರನ್ನು ನಡುವೆ ಬಚ್ಚಿಟ್ಟು. ಆಮೇಲೆ ಇಲ್ಲ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗಲೆಲ್ಲ ಮಗಳನ್ನೇ ಮುಂದೆ ದೂಡಿದ್ದಳು.

"ಶಂಭುಲಿಂಗ," ಅಂದಳು. "ಬರಿ."

ಜಾಕೀರ್ ಬರೆದ. ಪರದೆಯ ಮೇಲೆ ಹೆಸರು ಬಂತು. ಇಂಗ್ಲಿಷ್ ಅಕ್ಷರ, ಅವಳಿಗೆ ಬರುವುದಿಲ್ಲ. ಓದು ಎಂದಳು ಮಗಳಿಗೆ. ಭುವನಾ ಓದಿದಳು.

ಇನ್ನೊಮ್ಮೆ ಓದು ಎಂದಳು.