ಅಂಚಿನ ಕತ್ತಲು ಮತ್ತು ನಮ್ಮ ಅತ್ತೆ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಮೂವತ್ತೊಂದು ವರ್ಷ ಕತ್ತಲಲ್ಲಿ ಕೆಲಸ ಮಾಡಿದವಳು. ಹೀಗೆ ಹೇಳಿದರೆ ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ಪಾಪವೇನೂ ಇಲ್ಲ. ಅವಳು ಫೋಟೋ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಾಲೀಕರು "ಸ್ವಲ್ಪ ನಗಿ" ಅಂತ ಫೋಟೋ ತೆಗೆಯುತ್ತಿದ್ದರು. ಹಿಂದಿನ ಕೋಣೆಯಲ್ಲಿ, ಕೆಂಪು ಬಲ್ಬಿನ ಕೆಳಗೆ, ಆ ನಗುವನ್ನು ಕಾಗದದ ಮೇಲೆ ತರುತ್ತಿದ್ದವಳು ಇವಳು. ಬೀದಿಯವರೆಲ್ಲ ಅವಳನ್ನು ಡಾರ್ಕ್‌ರೂಮಮ್ಮ ಅಂತಲೇ ಕರೆಯುತ್ತಾರೆ. ಅಪ್ಪನಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತದೆ, ಅತ್ತೆಗೆ ಮಾತ್ರ ಬಲು ಇಷ್ಟ.

ಅವಳ ಕೈಚಳಕವೆಲ್ಲ ಇದ್ದದ್ದು ಅಂಚುಗಳಲ್ಲಿ. ಫೋಟೋದ ನಡುವೆ ಮುಖ ಬೆಳಗಿ, ಸುತ್ತಲೂ ನೆರಳು ಮೆಲ್ಲಗೆ ಕವಿಯುತ್ತದಲ್ಲ, ಅದು. ಈಗಿನವರು ಅದನ್ನು ವಿಗ್ನೆಟ್ ಅನ್ನುತ್ತಾರೆ. ಅತ್ತೆ 'ಅಂಚು ಕಟ್ಟೋದು' ಅನ್ನುತ್ತಿದ್ದಳು. ಚಪ್ಪಲಿ ಡಬ್ಬಿಯ ರಟ್ಟನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ, ಅದಕ್ಕೊಂದು ತಂತಿ ಸಿಕ್ಕಿಸಿ, ದೀಪಕ್ಕೂ ಕಾಗದಕ್ಕೂ ನಡುವೆ ಹಿಡಿಯಬೇಕು. ಮುಖಕ್ಕೆ ರಟ್ಟಿನ ಮರೆ, ಅಂಚಿಗೆ ಹೆಚ್ಚಿನ ಬೆಳಕು. ಆ ಕಾಗದದ ಸ್ವಭಾವವೇ ತಿರುಗಾಮುರುಗಾ, ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ರಟ್ಟನ್ನು ಅಲ್ಲಾಡಿಸುತ್ತಲೇ ಇರಬೇಕು. ಕೈ ಒಂದು ಕ್ಷಣ ನಿಂತರೆ ಮುಖದ ಸುತ್ತ ಗೆರೆ ಎದ್ದು ಕಾಗದ ದಂಡ. ಅತ್ತೆಯ ಕೈ ನಿಲ್ಲುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಸ್ಟುಡಿಯೋದವರು ಡಾರ್ಕ್‌ರೂಮನ್ನು ಸಾಮಾನಿನ ಕೋಣೆ ಮಾಡಿದರು. ಅತ್ತೆ ತನ್ನ ಕತ್ತರಿ ತೆಗೆದುಕೊಂಡು ಮನೆಗೆ ಬಂದಳು. ಅತ್ತಿದ್ದನ್ನು ನಾವ್ಯಾರೂ ನೋಡಲಿಲ್ಲ. ಆದರೆ ಅಂದಿನಿಂದ ಯಾರಾದರೂ ಮೊಬೈಲಿನಲ್ಲಿ ಫೋಟೋ ತೋರಿಸಲು ಬಂದರೆ, "ನನಗೇನು ತಿಳಿಯುತ್ತಪ್ಪಾ, ಎಲ್ಲಾ ಅದಕ್ಕೇ ಗೊತ್ತಲ್ಲ" ಅಂತ ಮೂಗು ಮುರಿದು ಒಳಗೆ ಹೋಗಿಬಿಡುತ್ತಿದ್ದಳು.

ಇನ್ನು ನನ್ನ ವಿಷಯ. ನಾನು ಒಂದು ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತೆ. ಕೈಯಲ್ಲಿ ಕೆಲಸ ಕಡಿಮೆ ಇದ್ದಾಗ ಬಾಯಿ ಜಾಸ್ತಿ ಅಂತ ಹೆಸರು ತೆಗೆದವಳು. ಆಸ್ಪತ್ರೆಗೆ ಐವತ್ತು ವರ್ಷ ತುಂಬುತ್ತಿತ್ತು. ಮೊದಲ ವರ್ಷದ ಸಿಬ್ಬಂದಿಯ ಗುಂಪು ಫೋಟೋ ಒಂದು ಹಳೆಯ ಕಡತದಲ್ಲಿ ಸಿಕ್ಕಿತು. ಅದನ್ನು ದೊಡ್ಡದು ಮಾಡಿಸಿ ಬಾಗಿಲಿನ ಎದುರು ಗೋಡೆಗೆ ಹಾಕುವುದೆಂದು ಅಧೀಕ್ಷಕರು ನಿರ್ಧರಿಸಿ, ಫೋಟೋ ಚೆಂದ ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಆ ಫೋಟೋದಲ್ಲಿದ್ದವರ ಪೈಕಿ ಸಮಾರಂಭಕ್ಕೆ ಬರುವಷ್ಟು ಗಟ್ಟಿಯಾಗಿದ್ದವರು ಒಬ್ಬರೇ, ವಾರ್ಡಿನ ಆಯಾ ಆಗಿದ್ದಾಕೆ. ಫೋನ್ ಮಾಡಿ ಕರೆದಾಗ ಆಕೆ ಕೇಳಿದ್ದು ಒಂದೇ ಮಾತು.

"ಆ ಫೋಟೋದಲ್ಲಿ ನಾನೂ ಇದ್ದೀನಮ್ಮಾ. ಬಲಗಡೆ ಕೊನೇಲಿ. ಕಾಣ್ತೀನಾ?"

"ಕಾಣ್ತೀರಿ ಅಜ್ಜಿ, ಚೆನ್ನಾಗಿ ಕಾಣ್ತೀರಿ. ಬನ್ನಿ."

"ಮೊಮ್ಮಗಳನ್ನೂ ಕರ್ಕೊಂಡು ಬರ್ತೀನಿ. ಅವಳು ನಂಬೋದೇ ಇಲ್ಲ."

ಫೋಟೋವನ್ನು ಸ್ಕ್ಯಾನ್ ಮಾಡಿಸಿದೆ. ಅಂಚುಗಳೆಲ್ಲ ಕಲೆಗಟ್ಟಿದ್ದವು. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಪುಕ್ಕಟೆಯಾಗಿ ವಿಗ್ನೆಟ್ ಹಾಕಿಕೊಡುವ ಪುಟವೊಂದು ಸಿಕ್ಕಿತು. ಫೋಟೋ ಹಾಕಿ, ಗುಂಡಿ ಒತ್ತಿದ್ದೇ ತಡ, ಕಲೆಗಳೆಲ್ಲ ಕತ್ತಲಲ್ಲಿ ಮುಚ್ಚಿಹೋದವು, ನಡುವೆ ಕೂತ ಡಾಕ್ಟರು ಬೆಳಗಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಧೀಕ್ಷಕರು "ಹಳೇ ಕಾಲದ ಕಳೆ ಬಂತಲ್ರೀ" ಅಂದರು. ಸೋಮವಾರ ಬೆಳಿಗ್ಗೆ ಮುದ್ರಣಕ್ಕೆ ಕಳಿಸಿ ಅಂತ ಒಪ್ಪಿಗೆಯೂ ಆಯಿತು.

ಭಾನುವಾರ ಬೆಳಿಗ್ಗೆ ಜಂಬ ತಡೆಯಲಾರದೆ ಅದರದೊಂದು ಪ್ರಿಂಟನ್ನು ಅತ್ತೆಯ ಮುಂದೆ ಹಿಡಿದೆ. ಅತ್ತೆ ಕನ್ನಡಕ ಹಾಕಿಕೊಂಡು, ಎಲ್ಲರೂ ನೋಡುವ ನಡುಭಾಗ ಬಿಟ್ಟು, ನೇರ ಬಲ ಅಂಚಿಗೆ ಕಣ್ಣು ಹಾಯಿಸಿದಳು.

"ಇಲ್ಲಿ ಒಂದು ಕೈ ಇದೆಯಲ್ಲೇ. ಈ ಕೈಯವಳೆಲ್ಲಿ?"

ನೋಡಿದರೆ ನಿಜ. ಕತ್ತಲೊಳಗಿಂದ ಒಂದು ಕೈ ಮಾತ್ರ ಹೊರಗಿತ್ತು. ಅದು ಆ ಆಯಾ ಅವರ ಕೈ. ಕಾಣ್ತೀರಿ ಬನ್ನಿ ಅಂತ ಬಾಯ್ತುಂಬ ಕರೆದವಳು ನಾನೇ, ಆಕೆಯನ್ನು ಕತ್ತಲಿಗೆ ತಳ್ಳಿ ಹೆಮ್ಮೆಪಟ್ಟವಳೂ ನಾನೇ. ಮೊಮ್ಮಗಳ ಮುಂದೆ ಆ ಮುದುಕಿ ಗೋಡೆಯಲ್ಲಿ ತನ್ನನ್ನು ಹುಡುಕುವುದನ್ನು ನೆನೆಸಿಕೊಂಡು ನಾಚಿಕೆಯಾಯಿತು. ಅತ್ತೆಗೆ ಎಲ್ಲವನ್ನೂ ಹೇಳಿದೆ.

"ಅಂಚು ಕಟ್ಟೋವಾಗ ಮೊದಲು ಅಂಚಲ್ಲಿ ಯಾರಿದ್ದಾರೆ ನೋಡಬೇಕು. ಅಷ್ಟೂ ಗೊತ್ತಿಲ್ವಾ ನಿನ್ನ ಯಂತ್ರಕ್ಕೆ?"

"ಯಂತ್ರಕ್ಕೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನಗೆ ಗೊತ್ತಲ್ಲ, ಕೂತ್ಕೋ ಬಾ."

ಇನ್ನೊಂದು ದಿನವಾಗಿದ್ದರೆ ಎದ್ದು ಹೋಗುತ್ತಿದ್ದಳು. ಅವತ್ತು ಆ ಕೈ ಅವಳನ್ನು ಬಿಡಲಿಲ್ಲ. ಸೆರಗು ಸರಿಮಾಡಿಕೊಂಡು, ಊಟದ ಮೇಜಿನ ಮುಂದೆ, ನನ್ನ ಲ್ಯಾಪ್‌ಟಾಪಿನ ಎದುರು ಕೂತಳು.

ಪುಟದಲ್ಲಿ ನಾಲ್ಕು ಗೆರೆಗಳಿದ್ದವು, ಪ್ರತಿ ಗೆರೆಯ ಮೇಲೂ ಆಚೀಚೆ ಎಳೆಯಲು ಒಂದೊಂದು ಗುಂಡು. ಒಂದು ಅಂಚಿನ ಬೆಳಕಿಗೆ, ಒಂದು ಅಗಲಕ್ಕೆ, ಒಂದು ಮೃದುತನಕ್ಕೆ, ಒಂದು ಗಾಢತೆಗೆ. "ಅಂಚಿಗೆ ನೆರಳು ಬೇಕು ತಾನೇ?" ಅನ್ನುತ್ತ ಅತ್ತೆ ಬೆಳಕಿನ ಗುಂಡನ್ನು ಧೈರ್ಯವಾಗಿ ಬಿಳಿಯ ಕಡೆಗೆ ಎಳೆದಳು. ಫೋಟೋದ ಸುತ್ತ ಹಾಲು ಉಕ್ಕಿದ ಹಾಗಾಯಿತು. ಕತ್ತಲಲ್ಲಿದ್ದ ಆಯಾ ಬಿಳುಪಿನಲ್ಲಿ ಕಳೆದುಹೋದರು, ಈಗ ಆ ಕೈಯೂ ಇಲ್ಲ.

"ಅಯ್ಯೋ, ಕೊಂದೆನಲ್ಲೇ!"

"ಅತ್ತೇ, ಕಪ್ಪು ಬೇಕಾದ್ರೆ ಕಪ್ಪಿನ ಕಡೆ ಎಳೀಬೇಕು."

"ಬೆಳಕು ಕೊಟ್ರೆ ತಾನೇ ಕಪ್ಪಾಗೋದು?"

ನನಗೆ ನಗು ತಡೆಯಲಾಗಲಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಹೋಗಿತ್ತು. ಅತ್ತೆಯೂ ನಕ್ಕಳು. ಹನ್ನೆರಡು ವರ್ಷದಲ್ಲಿ ಫೋಟೋದ ಮುಂದೆ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಇನ್ನೂ ಮೂರು ಸಲ ಅದೇ ತಪ್ಪು ಮಾಡಿ ಮೂರು ಸಲವೂ ಗುಂಡನ್ನೇ ಬೈದಳು. ಅದಕ್ಕಿಂತ ತಮಾಷೆಯೆಂದರೆ, ಮೌಸ್ ಹಿಡಿದ ಅವಳ ಮಣಿಕಟ್ಟು ರಟ್ಟು ಹಿಡಿದ ಹಾಗೆಯೇ ಅಲ್ಲಾಡುತ್ತಿತ್ತು, ಗುಂಡು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ.

ಒಗ್ಗಿದ ಮೇಲೆ ಮಾತ್ರ ನಾನು ಬಾಯಿ ಮುಚ್ಚಿ ನೋಡಿದೆ. ಫೋಟೋದ ನಡುವೆ ಒಂದು ಸಣ್ಣ ಚುಕ್ಕೆಯಿತ್ತು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಮೊಟ್ಟೆಯಾಕಾರದ ಬೆಳಕಿನ ನಡುಬಿಂದು ಅದು. ಅತ್ತೆ ಅದನ್ನು ಹಿಡಿದು ಬಲಕ್ಕೆ, ಆಯಾ ನಿಂತ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ಸರಿಸಿದಳು. ಆಯಾ ಬೆಳಕಿಗೆ ಬಂದರು. ಆದರೆ ಎಡಗಡೆ ತುದಿಯಲ್ಲಿ ನಿಂತ ಕಾಂಪೌಂಡರು ನೆರಳಿಗೆ ಹೋದರು.

"ಆ ಕಡೆ ಒಬ್ರು ಹೋದ್ರಲ್ಲ ಅತ್ತೆ."

"ಹೋಗಲ್ಲ. ಅವರು ಬಿಳಿ ಕೋಟು ಹಾಕಿದ್ದಾರೆ. ಬಿಳಿ ಬಟ್ಟೆ ನೆರಳು ತಡ್ಕೊಳ್ಳುತ್ತೆ, ಎಷ್ಟು ಹಾಕಿದ್ರೂ ಮಂಕಾಗುತ್ತೆ ಹೊರತು ಮುಳುಗಲ್ಲ. ಈಕೆ ಉಟ್ಟಿರೋದು ಕಡು ಬಣ್ಣ, ಹಿಂದಿನ ಗೋಡೆಯೂ ಕಪ್ಪು. ಒಂದು ತೊಟ್ಟು ಕತ್ತಲು ಬಿದ್ರೂ ಹೋದಳು."

ಗಾಢತೆ ಇಳಿಸಿದಳು, ಮೃದುತನ ಏರಿಸಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಒಂದೊಂದೇ ಎಳೆ. ಕಾಫಿ ಆರಿ ಕೆನೆಗಟ್ಟಿತು. ಅಪ್ಪ ಎರಡು ಸಲ ಬಂದು ಇಣುಕಿ, ಮಾತಾಡಿದರೆ ಬೈಸಿಕೊಳ್ಳಬೇಕಾದೀತೆಂದು ಹಾಗೇ ಹೋದರು. ಕೊನೆಗೆ ಅತ್ತೆ ಕುರ್ಚಿಗೆ ಒರಗಿ, "ಈಗ ನೋಡು" ಅಂದಳು. ಕಲೆಗಳು ಮುಚ್ಚಿದ್ದವು, ಡಾಕ್ಟರು ಬೆಳಗುತ್ತಿದ್ದರು, ಕಾಂಪೌಂಡರು ಮಬ್ಬಿನಲ್ಲೂ ಮೀಸೆ ಸಮೇತ ಇದ್ದರು, ಬಲ ತುದಿಯಲ್ಲಿ ಗಂಟಿಕ್ಕಿದ ಹುಬ್ಬಿನ ಒಬ್ಬ ಹುಡುಗಿ ಕ್ಯಾಮೆರಾವನ್ನೇ ದಿಟ್ಟಿಸುತ್ತ ನಿಂತಿದ್ದಳು. ನಮ್ಮತ್ತೆಯ ಬಗ್ಗೆ ನನಗೆ ಹೆಮ್ಮೆ ಉಕ್ಕಿ ಬಂತು. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. "ಸಾಕು ಸುಮ್ನಿರೇ" ಅಂದಳು, ಆದರೆ ಎದ್ದು ಹೋಗಲಿಲ್ಲ.

ತೊಡಕಿದ್ದದ್ದು ಅಧೀಕ್ಷಕರಲ್ಲಿ. ಒಮ್ಮೆ ಒಪ್ಪಿದ್ದನ್ನು ಬದಲಿಸುವುದೆಂದರೆ ಅವರಿಗೆ ಆಗದು. ಸೋಮವಾರ ಅತ್ತೆಯನ್ನೇ ಕರೆದುಕೊಂಡು ಹೋದೆ. ಹೊಸ ಪ್ರಿಂಟ್ ನೋಡಿ ಅವರು ಮುಖ ಸಿಂಡರಿಸಿದರು.

"ಬೆಳಕು ಒಂದು ಪಕ್ಕಕ್ಕೆ ವಾಲಿದೆಯಲ್ಲಮ್ಮಾ. ಮೊದಲಿನದೇ ಸರಿ ಇತ್ತು."

ಅತ್ತೆ ಎರಡೂ ಪ್ರಿಂಟುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. "ಸಾರ್, ಮೊದಲಿನದರಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ."

ಅವರು ಪೆನ್ನಿನ ತುದಿಯಿಂದ ಎಣಿಸಿದರು. "ಹದಿಮೂರು."

"ಇದರಲ್ಲಿ?"

ಪೆನ್ನು ಮತ್ತೆ ಎಡದಿಂದ ಹೊರಟು ಬಲ ತುದಿಗೆ ಬಂದು ನಿಂತಿತು. "ಹದಿನಾಲ್ಕು... ಇವರು ಯಾರು?"

"ಗುರುವಾರ ಸಮಾರಂಭಕ್ಕೆ ಬರ್ತಾರೆ ಸಾರ್," ಅಂದೆ ನಾನು. "ಇಡೀ ಗುಂಪಿನಲ್ಲಿ ಬರ್ತಿರೋದು ಅವರೊಬ್ರೇ."

ಅಧೀಕ್ಷಕರು ಹಳೆಯ ಪ್ರಿಂಟನ್ನು ಮಡಚಿ ಬುಟ್ಟಿಗೆ ಹಾಕಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನೀವು ಕಂಪ್ಯೂಟರ್ ಎಲ್ಲಿ ಕಲಿತಿರಿ?" ಅಂತ ಕೇಳಿದರು.

"ನಿನ್ನೆ," ಅಂದಳು ಅತ್ತೆ.

ಗುರುವಾರ ಆಯಾ ಬಂದರು. ಗಿಡ್ಡ ಮುದುಕಿ, ಕೈಯಲ್ಲಿ ಕೋಲು, ಜೊತೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು. ಭಾಷಣ ಶುರುವಾಗುವುದರೊಳಗೆ ನೇರ ಗೋಡೆಯ ಹತ್ತಿರ ಹೋದರು. ನಾನೂ ಅತ್ತೆಯೂ ಹಿಂದೆಯೇ ಹೋದೆವು. ಅವರು ಹುಡುಕಲಿಲ್ಲ; ಎಲ್ಲಿ ನಿಂತಿದ್ದೆನೆಂದು ಗೊತ್ತಿದ್ದವರ ಹಾಗೆ ಬಲ ತುದಿಗೆ ಹೋಗಿ ತಲೆ ಎತ್ತಿದರು. ಮೊಮ್ಮಗಳು "ಅಜ್ಜೀ, ಇದು ನೀನಾ!" ಅಂದಳು.

"ಇದನ್ನ ಸರಿಮಾಡಿದ್ದು ನಮ್ಮತ್ತೆ," ಅಂತ ನಾನು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದೆ. ಅತ್ತೆ ಈ ಸಲ ಸುಮ್ಮನಿರು ಅನ್ನಲಿಲ್ಲ. ಆಯಾ ಹತ್ತಿರ ಹೋಗಿ, "ಯಾಕಮ್ಮಾ ಅಷ್ಟು ತುದೀಲಿ ನಿಂತಿದ್ರಿ? ಒಳಗೆ ಸ್ವಲ್ಪ ಸರೀಬಾರದಿತ್ತಾ? ನನ್ನನ್ನ ಒದ್ದಾಡಿಸಿಬಿಟ್ರಿ" ಅಂದಳು.

ಆಯಾ ಫೋಟೋದಿಂದ ಕಣ್ಣು ತೆಗೆಯಲಿಲ್ಲ.

"ನನ್ನನ್ನ ಯಾರೂ ಕರೆದಿರಲಿಲ್ಲ ತಾಯಿ. ಬಕೆಟ್ ಕೆಳಗಿಟ್ಟು ನಾನೇ ಬಂದು ನಿಂತೆ."

ಅತ್ತೆ ಆಕೆಯ ಕೈ ಹಿಡಿದುಕೊಂಡಳು.