ಗೋಮಾಳದಲ್ಲಿ ಬಿದ್ದ ಸೀಟಿ

ಏಮಸ್ ಪೆನಿಫೋಲ್ಡ್ ಇಂಗ್ಲೆಂಡಿನ ಡಾರ್ಸೆಟ್ಟಿನ ನಮ್ಮ ಊರಿನಲ್ಲಿ ಆಯುಷ್ಯವೆಲ್ಲ ಬೇಲಿ ಕಟ್ಟಿ ಬದುಕಿದವನು. ಮುಳ್ಳು ಚುಚ್ಚಿದರೂ ಮುಳ್ಳನ್ನು ಬೈಯದ ಮನುಷ್ಯ. ಅಂಥವನ ತಾಳ್ಮೆಯನ್ನೂ ನಮ್ಮ ಊರ ಗೋಮಾಳ ತಿಂದುಹಾಕಿತು. ಅವನನ್ನು ನನ್ನ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆದ ಪಕ್ಕದ ಮನೆಯವಳು ನಾನು. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೆ.

ಅವನ ಹೆಂಡತಿ ಹೆಸ್ಟರ್ ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದಳು. ಕೊರಳಲ್ಲಿ ಅವಳಪ್ಪನ ಕಾಲದ ಹಿತ್ತಾಳೆ ಸೀಟಿ. ಉದ್ದಕ್ಕೆ ಒಂದು ಸಲ ಊದಿದರೆ ನಾಯಿಗೆ. ಚುಟುಕಾಗಿ ಎರಡು ಸಲ ಊದಿದರೆ ಗಂಡನಿಗೆ, ಚಹಾ ಆಗಿದೆ ಬಾ ಎಂದು. ಹೋದ ಶರತ್ಕಾಲದಲ್ಲಿ ಕೊಳದ ಪಕ್ಕ ಅವಳಿಗೆ ಲಕ್ವ ಹೊಡೆಯಿತು. ಆಂಬುಲೆನ್ಸಿನವರು ಎತ್ತುವ ಗಡಿಬಿಡಿಯಲ್ಲಿ ದಾರ ಕಿತ್ತು ಸೀಟಿ ಅಲ್ಲೇ ಎಲ್ಲೋ ಬಿದ್ದುಹೋಯಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಆಮೇಲೆ ಹೆಸ್ಟರ್ ಕಿಟಕಿಯ ಪಕ್ಕ ಕೂತು, ಕೊರಳು ತಡವಿಕೊಳ್ಳುತ್ತ, ಗಂಟಲಿಂದ ಒಂದು ಸದ್ದನ್ನೂ ಹೊರಡಿಸದೆ ದಿನ ಕಳೆದಳು. ಏಮಸ್ ಹೊಸ ಸೀಟಿ ತಂದುಕೊಟ್ಟ. ಅವಳು ಅದನ್ನು ಗಂಜಿಯ ಬಟ್ಟಲಿಗೆ ಹಾಕಿ ಮುಖ ತಿರುಗಿಸಿದಳು.

ಅವನು ಲೋಹ ಹುಡುಕುವ ಯಂತ್ರ ಕೊಂಡು ಕೊಳದತ್ತ ಹೊರಟ. ಪಂಚಾಯಿತಿಯ ಗುಮಾಸ್ತೆ ಮಿಸೆಸ್ ಬ್ರಾಕ್‌ವೆಲ್ ಅಡ್ಡ ಬಂದಳು.

"ಏಮಸ್, ಅಪ್ಪಣೆ ಇಲ್ದೆ ಇಲ್ಲಿ ಆ ಯಂತ್ರ ಆಡಿಸೋ ಹಾಗಿಲ್ಲ."

"ಇದು ಊರೋರ ಜಾಗ ಅಲ್ವೇನಮ್ಮ?"

"ಊರೋರು ಓಡಾಡ್ಬಹುದು. ನೆಲ ಜಮೀನ್ದಾರರ ಎಸ್ಟೇಟಿಂದು. ಅವರನ್ನ ಕೇಳು."

ಎಸ್ಟೇಟಿನವರು ನಗುನಗುತ್ತ ಬಿಸ್ಕತ್ತು ಕೊಟ್ಟು, ನಮ್ಮದೇನೂ ಅಡ್ಡಿಯಿಲ್ಲ, ಮೇಯಿಸುವ ಹಕ್ಕಿನವರು ಒಪ್ಪಲಿ ಎಂದರು. ಹಕ್ಕಿನವರು, ಪಂಚಾಯಿತಿ ಒಪ್ಪಿದರೆ ನಾವೂ ಒಪ್ಪಿದಂತೆ ಎಂದರು. ಪಂಚಾಯಿತಿ, ಎಸ್ಟೇಟಿನವರು ಮೊದಲು ಬರೆದುಕೊಡಲಿ ಎಂದಿತು. ಎಲ್ಲರದೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಬೇಡ ಎಂದವರು ಒಬ್ಬರೂ ಇಲ್ಲ, ಹೂಂ ಎಂದವರೂ ಇಲ್ಲ. ಇಂಥವರಿಗಿಂತ ಎದುರಿಗೇ ಬೈದು ಕಳಿಸುವವರು ವಾಸಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ನಮ್ಮಲ್ಲಿ ದೇವರೂ ಪೂಜಾರಿಯೂ ಒಬ್ಬರ ಮನೆಯ ದಾರಿಯನ್ನು ಇನ್ನೊಬ್ಬರು ತೋರಿಸುತ್ತ ಕೂತಿದ್ದರು.

"ಕದ್ದು ಹುಡುಕಿಬಿಡೋಣ ನಡಿ," ಎಂದೆ ಒಂದು ದಿನ, ಕಾರಿನಲ್ಲಿ.

"ಬೇಡ. ಕದ್ದು ತಂದದ್ದು ಅಂತ ಗೊತ್ತಾದ್ರೆ ಅವಳು ಮುಟ್ಟೋದಿಲ್ಲ. ಅವಳ ಸ್ವಭಾವ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ವಸಂತ ಬಂತು, ಗೋಮಾಳದ ವಾರ್ಷಿಕ ಸಭೆಯೂ ಬಂತು. ಅಲ್ಲಿ ಪ್ರತಿ ವರ್ಷ ಯಾವ ಮನೆಗೆ ಯಾವ ಹಕ್ಕು ಎಂದು ಮಿಸೆಸ್ ಬ್ರಾಕ್‌ವೆಲ್ ಗಟ್ಟಿಯಾಗಿ ಓದಬೇಕು, ಊರು ತೂಕಡಿಸಬೇಕು. ಒಂದು ಮನೆಗೆ ಬಾತು ಬಿಡುವ ಹಕ್ಕು, ಇನ್ನೊಂದಕ್ಕೆ ಸೌದೆ ಆಯುವ ಹಕ್ಕು. "ಪೆನಿಫೋಲ್ಡ್ ಮನೆಗೆ, ತನ್ನ ಒಲೆಗೆ ಬೇಕಾದಷ್ಟು ಹುಲ್ಲುಹೆಂಟೆ ಕಡಿದುಕೊಳ್ಳುವ ಹಕ್ಕು," ಎಂದು ಓದಿದಳು. ಹುಲ್ಲನ್ನು ಬೇರು, ಮಣ್ಣುಸಮೇತ ಕಡಿದು, ಒಣಗಿಸಿ ಉರಿಸುವ ಪದ್ಧತಿ ಏಮಸ್‌ನ ಅಜ್ಜನ ಜೊತೆಗೇ ಹೋಗಿತ್ತು. ಏಮಸ್ ಎದ್ದು ನಿಂತ.

"ಅದು ಈಗ್ಲೂ ನಡೆಯುತ್ತೇನಮ್ಮ? ಯಾರ ಅಪ್ಪಣೆ ಬೇಕು?"

"ಹಕ್ಕು ಅಂದ್ಮೇಲೆ ಅಪ್ಪಣೆ ಯಾಕೆ? ಕೂತ್ಕೊ, ಇನ್ನೂ ಓದೋದಿದೆ."

ಅವನು ಕೂರಲಿಲ್ಲ. ಮರುದಿನ ಬೆಳಿಗ್ಗೆ ಗುದ್ದಲಿ, ತಳ್ಳುಗಾಡಿ ಹಿಡಿದು ಕೊಳದ ಬಳಿ ಹೋದ. ಹೆಸ್ಟರ್ ಬಿದ್ದ ಜಾಗದಿಂದ ಹೆಂಟೆ ಕಡಿದ, ಮನೆಗೆ ತಂದ, ಅಂಗಳದಲ್ಲಿ ಹರಡಿದ. ತನ್ನ ಅಂಗಳ, ತನ್ನ ಯಂತ್ರ, ಕೇಳುವವರು ಯಾರು? ಗೋಮಾಳವನ್ನೇ ಗಾಡಿಯಲ್ಲಿ ಮನೆಗೆ ತಂದನಲ್ಲ ಮಹಾರಾಯ ಎಂದು ನನಗೆ ನಗು ತಡೆಯಲಾಗಲಿಲ್ಲ. ಮೊದಲು ಬಾಟಲಿ ಮುಚ್ಚಳ, ತುಕ್ಕು ಹಿಡಿದ ಲಾಳ. ನಾಲ್ಕನೆಯ ಗಾಡಿಯ ಹೊತ್ತಿಗೆ ಯಂತ್ರ ಕಿರುಗುಟ್ಟಿತು. ಏಮಸ್ ಮಂಡಿಯೂರಿ ಮಣ್ಣು ಬಿಡಿಸಿದ. ಸೀಟಿ. ದಾರದ ತುಂಡೂ ಅದರಲ್ಲಿತ್ತು. ಅದನ್ನು ನನ್ನ ಕೈಗಿತ್ತ. ನಾನೇ ನಮ್ಮ ಮನೆಗೆ ಒಯ್ದು ತೊಳೆದು, ಕುದಿಯುವ ನೀರು ಹೊಯ್ದು, ಆರಿಸಿ ಒಳಗೆ ಹೆಸ್ಟರ್‌ಳ ಕೈಗೆ ಕೊಟ್ಟು ಬಂದೆ.

ಅಷ್ಟರಲ್ಲಿ ಮಿಸೆಸ್ ಬ್ರಾಕ್‌ವೆಲ್ ಗೇಟಿನ ಬಳಿ ಹಾಜರು. ಸೀಟಿ ಸಿಕ್ಕಿದ್ದನ್ನು ಯಾರೋ ಬೇಲಿಯಾಚೆಯಿಂದ ನೋಡಿ ಚಾಡಿ ಹೇಳಿದ್ದರು.

"ಏಮಸ್, ಹೆಂಟೆ ಇರೋದು ಒಲೆಗೆ. ಹುಡುಕೋದಕ್ಕಲ್ಲ."

"ಒಲೆಗೇ ಹಾಕ್ತೀನಮ್ಮ. ಒಳಗೆ ಕಬ್ಬಿಣಗಿಬ್ಬಿಣ ಇದ್ಯಾ ಅಂತ ನೋಡ್ದೆ, ಅಷ್ಟೆ."

"ಮತ್ತೆ ಆ ಸೀಟಿ? ಅದು ಹೆಂಟೆ ಅಲ್ವಲ್ಲ. ಎಸ್ಟೇಟಿನೋರಿಗೆ ತಿಳಿಸ್ಬೇಕು, ಅವರು ಒಪ್ಪೋವರೆಗೂ ಅದು ನನ್ನ ಹತ್ರ…"

ನನ್ನ ಬಾಯಿಗೆ ಏನೇನು ಬಂತೋ ಇಲ್ಲಿ ಬರೆಯುವಂತಿಲ್ಲ. ಅದನ್ನು ಆಡಿಬಿಡುವ ಮೊದಲೇ ಕಿಟಕಿಯಿಂದ ಬರೀ ಉಸಿರಿನ ಸದ್ದು ಬಂತು. ಮೂವರೂ ಅತ್ತ ತಿರುಗಿದೆವು. ಮತ್ತೊಮ್ಮೆ ಉಸಿರು. ಆಮೇಲೆ ಸೀಟಿ ಕೂಗಿತು, ಚುಟುಕಾಗಿ, ಸ್ವಲ್ಪ ಓರೆಯಾಗಿ. ಎರಡು ಸಲ.

ಒಳಗೆ ಒಲೆ ಹಚ್ಚಿರಲಿಲ್ಲ, ಚಹಾಕ್ಕೆ ನೀರೂ ಇಟ್ಟಿರಲಿಲ್ಲ.

"ಕರೀತಿದಾಳೆ," ಎಂದ ಏಮಸ್, ಯಾರಿಗೆ ಹೇಳಿದನೋ ಗೊತ್ತಿಲ್ಲ. ಕೆಸರು ಬೂಟನ್ನು ಬಾಗಿಲಲ್ಲಿ ಕಳಚಿ, ಗುಮಾಸ್ತೆಯನ್ನು ಅಂಗಳದಲ್ಲೇ ಬಿಟ್ಟು ಒಳಗೆ ಓಡಿದ.