ಮಡಿಗೆ ಬಾರದ ಸಿಲಿಂಡರ್

ನಮ್ಮ ಮಾವನವರು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದವರು. ಬೆಂಕಿ ಹೇಗೆ ಹತ್ತುತ್ತದೆ, ಹೇಗೆ ಆರಿಸಬೇಕು ಎಂದು ಜೀವಮಾನವಿಡೀ ಕಂಡವರಿಗೆಲ್ಲ ಪಾಠ ಹೇಳಿ ನಿವೃತ್ತರಾದರು. ನಮ್ಮ ತಾರ್ನಾಕದ ಮನೆಗೆ ಬಂದ ನೆಂಟರೂ ಆ ಪಾಠ ಕೇಳದೆ ಚಹಾ ಕುಡಿಯುವಂತಿರಲಿಲ್ಲ. ಅಂಥವರ ಅಡುಗೆಮನೆಯ ಗ್ಯಾಸಿಗೆ ಮಾತ್ರ ಬೇರೆಯೇ ಶಾಸ್ತ್ರ.

ಅದು ಹೀಗೆ: ಒಲೆ ಮಡಿ, ಸಿಲಿಂಡರ್ ಮೈಲಿಗೆ. ಒಲೆಯನ್ನು ತೊಳೆದು ಅರಿಶಿನ ಕುಂಕುಮ ಹಚ್ಚಬಹುದು. ಸಿಲಿಂಡರನ್ನು ಯಾರ್ಯಾರೋ ಹೊತ್ತು ತಂದಿರುತ್ತಾರಲ್ಲ, ಹಾಗಾಗಿ ಮಡಿಯಲ್ಲಿದ್ದವರು ಅದನ್ನೂ ಅದರ ರೆಗ್ಯುಲೇಟರನ್ನೂ ಮುಟ್ಟುವಂತಿಲ್ಲ. ಮಡಿಯಲ್ಲಿಲ್ಲದವರು ಮುಟ್ಟಬಹುದು, ಆದರೆ ಅಡುಗೆ ನಡೆದಾಗ ಅವರು ಒಳಗೆ ಬರುವಂತಿಲ್ಲ. ನಡುವಿನ ರಬ್ಬರ್ ಪೈಪು ಎಲ್ಲಿಯವರೆಗೆ ಮಡಿ ಎಂಬುದನ್ನು ಇನ್ನೂ ಯಾವ ಪಂಡಿತರೂ ಇತ್ಯರ್ಥ ಮಾಡಿರಲಿಲ್ಲ. ಹಾಗಾದರೆ ಗ್ಯಾಸ್ ಸೋರಿದರೆ ಬಂದ್ ಮಾಡುವವರು ಯಾರು ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ.

"ಸೋರೂ ಹಂಗ ಯಾಕ ಮಾಡಬೇಕು?" ಅಂದಿದ್ದರು ಮಾವ, ಗಂಭೀರವಾಗಿ. ಕಾರ್ಖಾನೆ ಇನ್ನೂ ನಿಂತಿರುವುದು ಅದರ ಪುಣ್ಯ.

ಇದರಲ್ಲಿ ನನಗೆ ನಿಜವಾಗಿ ಭಯವಿದ್ದದ್ದು ಅತ್ತೆಯವರ ಬಗ್ಗೆ. ಹಿಂದೆ ಬಂದ ಒಂದು ಜ್ವರದಲ್ಲಿ ಅವರಿಗೆ ವಾಸನೆಯೇ ಹೋಗಿಬಿಟ್ಟಿತ್ತು. ಒಗ್ಗರಣೆ ಸೀದದ್ದೂ ಅವರಿಗೆ ಹೊಗೆ ಕಂಡ ಮೇಲೆಯೇ ತಿಳಿಯುತ್ತಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಮಾವನಿಗೂ.

ಮಾವನ ತಂದೆಯ ಶ್ರಾದ್ಧದ ದಿನ. ಒಲೆಯ ಎಡಗಡೆಯ ಗುಂಡಿ ಸವೆದು, ತಿರುಗಿಸಿದರೂ ಒಮ್ಮೊಮ್ಮೆ ಪೂರ್ತಿ ಬಂದ್ ಆಗುತ್ತಿರಲಿಲ್ಲ. ರಿಪೇರಿಯವನು ಒಲೆ ಮುಟ್ಟಿಬಿಡುತ್ತಾನೆ, ಶ್ರಾದ್ಧ ಮುಗಿಯಲಿ ಎಂದು ಮಾವ ಅವನನ್ನು ಕರೆಸಿರಲಿಲ್ಲ. ಪಕ್ಕದ ಮನೆಯ ಉಳ್ಳಾಗಡ್ಡಿಯ ವಾಸನೆ ನೈವೇದ್ಯಕ್ಕೆ ತಾಗೀತೆಂದು ಕಿಟಕಿಯನ್ನೂ ಮುಚ್ಚಿಸಿದ್ದರು. ನನ್ನ ಗಂಡ ಭಟ್ಟರನ್ನು ಕರೆತರಲು ಉಪ್ಪಲ್‌ಗೆ ಹೋಗಿದ್ದ. ಮಡಿ ಸೀರೆಯುಟ್ಟ ಅತ್ತೆ ಒಳಗೆ, ಮಡಿ ಪಂಚೆಯುಟ್ಟ ಮಾವ ಹೊಸ್ತಿಲಲ್ಲಿ ಕಾವಲಿಗೆ, ಮೈಲಿಗೆಯ ನಾನು ಹಾಲ್‌ನಲ್ಲಿ.

ಎಡಗಡೆಯ ಪಾಯಸ ಉಕ್ಕಿ ಉರಿ ಆರಿತು. ಅತ್ತೆ ಪಾತ್ರೆ ಇಳಿಸಿ, ಗುಂಡಿ ತಿರುಗಿಸಿ, ಬಂದ್ ಆಯಿತೆಂದುಕೊಂಡು ಕಟ್ಟೆ ಒರೆಸಿ, ವಡೆಯ ಹಿಟ್ಟು ನಾದತೊಡಗಿದರು. ಸ್ವಲ್ಪ ಹೊತ್ತಿಗೆ ನಾನು ಕೂತಲ್ಲಿಗೇ ಗ್ಯಾಸಿನ ವಾಸನೆ ಬಂತು. ಎದ್ದು ನೋಡುತ್ತೇನೆ, ಅತ್ತೆ ಬಲಗಡೆ ಬಾಣಲೆ ಇಟ್ಟು ಲೈಟರ್ ಕೈಗೆತ್ತಿಕೊಂಡಿದ್ದಾರೆ.

"ಅತ್ತ್ಯಾರ, ಹಚ್ಚಬ್ಯಾಡ್ರಿ! ಗ್ಯಾಸ್ ಸೋರಾಕತ್ತೈತಿ!"

ಅವರು ಹಾಗೆಯೇ ನಿಂತರು. ಒಳಗೆ ನುಗ್ಗಲು ಹೋದ ನನಗೆ ಬಾಗಿಲಲ್ಲಿ ಸುರಕ್ಷತಾ ಅಧಿಕಾರಿಗಳು ಎರಡೂ ಕೈ ಅಡ್ಡ ಹಿಡಿದರು.

"ನೀ ಒಳಗ ಬರಬ್ಯಾಡ! ಅಡಿಗಿ ಎಲ್ಲಾ ಮೈಲಿಗಿ ಆಗತೈತಿ!"

ಅವರ ಮೂಗು ನೆಟ್ಟಗೇ ಇತ್ತು. ರೆಗ್ಯುಲೇಟರ್ ಅವರಿಂದ ಮೂರು ಹೆಜ್ಜೆಯಾಚೆ ಇತ್ತು. ಆದರೂ ಆ ಮನುಷ್ಯ ಕಾಯುತ್ತಿದ್ದದ್ದು ಅನ್ನದ ಮಡಿಯನ್ನು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಕೈಯಡಿಯಿಂದ, ಮೈ ತಾಗದಂತೆ ನುಸುಳಿ ಒಳಗೆ ಹೋಗಿ ರೆಗ್ಯುಲೇಟರ್ ಬಂದ್ ಮಾಡಿದೆ, ಕಿಟಕಿ ತೆರೆದೆ, ಅತ್ತೆಯ ರಟ್ಟೆ ಹಿಡಿದು ಹೊರಗೆ ಕರೆತಂದೆ.

ವಾಸನೆ ಪೂರ್ತಿ ಹೋಗುವ ತನಕ ನಾನೂ ಅತ್ತೆಯೂ ಹಾಲ್‌ನಲ್ಲಿ ಕೂತೆವು. ಆಮೇಲೆ ಮಾವ ಬಾಯಿ ಬಿಟ್ಟರು.

"ಎಲ್ಲಾ ಹಾಳಾತು. ಭಟ್ಟರು ಬರೂ ಹೊತ್ತಾತು. ಇನ್ನೊಮ್ಮೆ ಸ್ನಾನಾ ಮಾಡಿ ಮೊದಲಿಂದ ಅಡಿಗಿ ಮಾಡು," ಎಂದರು ಅತ್ತೆಗೆ.

ಅತ್ತೆ ಎದ್ದರು. ಸ್ನಾನಕ್ಕೆ ಹೊರಟರೆಂದುಕೊಂಡೆ. ಅವರು ನೇರ ಅಡುಗೆಮನೆಗೆ ಹೋಗಿ, ಗಂಡ ನೋಡುತ್ತಿದ್ದಂತೆ, ಹಿಟ್ಟು ಮೆತ್ತಿದ ಅಂಗೈಯನ್ನು ಸಿಲಿಂಡರಿನ ಮೇಲೆ ಊರಿದರು. ಆಮೇಲೆ ಲೈಟರ್ ತಂದು ಮಾವನ ಕೈಗಿಟ್ಟರು.

"ನನಗ ವಾಸನಿ ಬರೂದಿಲ್ಲ ಅಂತ ನಿಮಗ ಗೊತ್ತಿತ್ತು. ಆದ್ರೂ ನೀವು ಬಾಗಲಾ ಕಾದ್ರಿ. ಈಗ ಮನ್ಯಾಗ ಮಡಿ ಉಳಿದವರು ನೀವೊಬ್ಬರ. ಹೋಗ್ರಿ, ನಿಮ್ಮ ಅಪ್ಪನ ಅಡಿಗಿ ನೀವ ಮಾಡ್ರಿ."

ಹೇಳಿ ಬಂದು ನನ್ನ ಪಕ್ಕ ಕೂತರು. ಬೆಂಕಿಯ ಬಗ್ಗೆ ಎಲ್ಲ ತಿಳಿದ ಮಾವ ಒಲೆಯ ಮುಂದೆ ನಿಂತು ಲೈಟರನ್ನು ಮೇಲೆ ಕೆಳಗೆ ತಿರುವಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಸಣ್ಣ ದನಿ ಬಂತು.

"ಇದನ್ನ ಎಲ್ಲಿ ಒತ್ತೂದು?"